ಲಕ್ಕುಂಡಿಗೆ ಬಾ, ಅಳತೆಪಟ್ಟಿ ತಾ

ಪ್ರಿಯ ಗೆಳೆಯಾ,

ನಂದಿಬೆಟ್ಟದ ತಪ್ಪಲಿನ ರೆಸಾರ್ಟಿನಿಂದ ನೀನು ಕಳಿಸಿದ ಚಿತ್ರಗಳನ್ನು ನೋಡಿದೆ. ಗಿಲಾವು ಕಾಣದ ಕಾಂಕ್ರೀಟ್ ಗೋಡೆ, ಅದರ ಮುಂದೆ ಒಂದೇ ಒಂದು ಮಣ್ಣಿನ ಹೂಜಿ, ಕಿಟಕಿಯಾಚೆ ದ್ರಾಕ್ಷಿತೋಟ. ಚೆನ್ನಾಗಿದೆ. ರಾತ್ರಿಯ ಬಾಡಿಗೆ ಎಷ್ಟೆಂದು ಹೇಳಿದಾಗ ನನ್ನ ಹೆಂಡತಿ ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡಳು. "ನಿಮ್ಮ ಹುಬ್ಬಳ್ಳಿಯ ಸುತ್ತ ವಿನ್ಯಾಸದ ಹುಚ್ಚಿರುವವರು ಎರಡು ದಿನ ಕಳೆಯುವಂಥ ಊರುಗಳಿವೆಯೇ?" ಎಂದು ಕೆಣಕಿದ್ದೀಯಲ್ಲ, ಅದಕ್ಕೇ ಈ ಪತ್ರ.

ಇವೆ. ಹುಬ್ಬಳ್ಳಿಯಿಂದ ಗದಗ ಸುಮಾರು ಅರವತ್ತು ಕಿಲೋಮೀಟರು. ಅಲ್ಲಿಂದ ಕೊಪ್ಪಳದ ದಾರಿಯಲ್ಲಿ ಹನ್ನೆರಡು ಕಿಲೋಮೀಟರು ಹೋದರೆ ಲಕ್ಕುಂಡಿ. ದಾರಿಯುದ್ದಕ್ಕೂ ಎರೆಭೂಮಿ, ಹಿಂಗಾರಿನಲ್ಲಿ ಕಡಲೆ, ಬಿಳಿಜೋಳ, ಕುಸುಬೆ. ಪೋಸ್ಟರಿಗೆ ಒಗ್ಗುವ ಹಸಿರು ಬೆಟ್ಟಗುಡ್ಡಗಳು ಇಲ್ಲಿ ಕಾಣುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ.

ನನ್ನ ಕಸುಬು ನಿನಗೆ ಗೊತ್ತು. ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಲೋಹದ ತುಂಡನ್ನು ಗರಗರ ತಿರುಗಿಸಿ ಕಡೆಯುವ ಲೇತ್ ಯಂತ್ರದ ಮುಂದೆ ಅರ್ಧ ಆಯುಷ್ಯ ಕಳೆದವನು. ಗುಡಿಗೆ ಹೋದರೆ ಎಲ್ಲರೂ ದೇವರ ಮುಂದೆ ನಿಂತಾಗ ನಾನು ಕಂಬದ ಹತ್ತಿರ ನಿಂತಿರುತ್ತೇನೆ. ಲಕ್ಕುಂಡಿಯ ಕಾಶಿವಿಶ್ವನಾಥ ಗುಡಿಯಲ್ಲಿ ಶಿವ ಮತ್ತು ಸೂರ್ಯರ ಗರ್ಭಗುಡಿಗಳು ಒಂದೇ ಜಗಲಿಯ ಮೇಲೆ ಎದುರುಬದುರಾಗಿವೆ. ಅದರ ಬಾಗಿಲವಾಡದ ಕೆತ್ತನೆಯನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಲಿ. ನೀನು ಒಳಗಿನ ಕಂಬಗಳನ್ನು ನೋಡು. ದುಂಡನೆಯ ಮೈ, ನಡುವೆ ಗಂಟೆಯಾಕಾರದ ಉಬ್ಬು, ಅದರ ಮೇಲೆ ಕೆಳಗೆ ಸಾಲುಸಾಲು ಬಳೆಗೆರೆಗಳು. ಒಂದು ಗೆರೆಯಲ್ಲಿ ಉಗುರಿಟ್ಟು ಕಂಬದ ಸುತ್ತ ಒಂದು ಸುತ್ತು ಬಾ. ಆಳ ಎಲ್ಲಿಯೂ ಹೆಚ್ಚುಕಡಿಮೆ ಆಗುವುದಿಲ್ಲ. ತಿರುಗುವಾಗ ಸೆಂಟರ್, ಅಂದರೆ ನಡುಬಿಂದು, ಕೂದಲೆಳೆಯಷ್ಟು ತಪ್ಪಿದರೂ ಗೆರೆ ಒಂದು ಮಗ್ಗುಲಲ್ಲಿ ಆಳವಾಗಿ, ಇನ್ನೊಂದು ಮಗ್ಗುಲಲ್ಲಿ ತೇಲುತ್ತದೆ. ನಮ್ಮ ಅಂಗಡಿಯಲ್ಲಿ ಅಂಥ ಜಾಬ್ ಗುಜರಿಗೆ ಹೋಗುತ್ತದೆ. ಕಂಬವನ್ನು ತಿರುಗಿಸುತ್ತ ಉಳಿ ಹಿಡಿದು ಇದನ್ನು ಮಾಡಿದರು ಎನ್ನುತ್ತಾರೆ ತಿಳಿದವರು. ಮೋಟಾರಿಲ್ಲ, ಬೇರಿಂಗಿಲ್ಲ. ಅಷ್ಟು ಭಾರದ ಕಲ್ಲನ್ನು ನಡುಗದಂತೆ ತಿರುಗಿಸಿದವನ ಮುಂದೆ ನಾನು ಕೈಮುಗಿದು ನಿಲ್ಲಲೂ ಯೋಗ್ಯನಲ್ಲ.

ಇದಕ್ಕೆಲ್ಲ ಕಾರಣ ಕಲ್ಲು. ಬಾದಾಮಿ, ಪಟ್ಟದಕಲ್ಲುಗಳಲ್ಲಿ ಇರುವುದು ಮರಳುಗಲ್ಲು. ದೊಡ್ಡ ದೊಡ್ಡ ಬಂಡೆ, ದಪ್ಪ ಗೋಡೆ. ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಬಳಪದ ಕಲ್ಲಿಗೆ ಹೊರಳಿದರು. ಗಣಿಯಿಂದ ತೆಗೆದಾಗ ಅದು ಮೆದು, ಗಾಳಿಗೆ ಬಿದ್ದು ವರ್ಷ ಕಳೆದಂತೆ ಗಟ್ಟಿ. ಕಲ್ಲು ಬದಲಾದೊಡನೆ ಕಂಬ ಸಣ್ಣದಾಯಿತು, ಕೆತ್ತನೆ ನವುರಾಯಿತು. ಆ ಹೊರಳುವಿಕೆ ಕಣ್ಣಿಗೆ ಬೀಳುವ ಮೊದಲ ಗುಡಿಗಳಲ್ಲಿ ಒಂದು ಅದೇ ಊರಿನ ಬ್ರಹ್ಮಜಿನಾಲಯ. 1007ರಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ್ದು. ನೀವು ವಿನ್ಯಾಸದವರು ಕಲ್ಲು, ಮರಗಳ ಮಾದರಿ ಅಂಟಿಸಿದ ಮೆಟೀರಿಯಲ್ ಬೋರ್ಡಿನ ಮೇಲೆ ತಿಂಗಳುಗಟ್ಟಲೆ ಚರ್ಚೆ ಮಾಡುತ್ತೀರಲ್ಲ, ಆ ಚರ್ಚೆ ಇಲ್ಲಿ ಸಾವಿರ ವರ್ಷದ ಹಿಂದೆಯೇ ಮುಗಿದಿದೆ.

ಬಿಸಿಲೇರಿದ ಮೇಲೆ ಮುಸುಕಿನ ಬಾವಿ ಎಂಬ ಮೆಟ್ಟಿಲುಬಾವಿಗೆ ಇಳಿ. ಮಾಣಿಕೇಶ್ವರ ಗುಡಿಯ ಪಕ್ಕದಲ್ಲೇ ಇದೆ. ಮೆಟ್ಟಿಲುಗಳ ನಡುನಡುವೆ ಪುಟ್ಟ ಗೂಡುಗುಡಿಗಳಿವೆ. ನೀರು ತರಲು ಹೋಗುವ ದಾರಿಗೆ ಇಷ್ಟೊಂದು ಕಾಳಜಿ ತೆಗೆದುಕೊಂಡವರು ಯಾರೆಂದು ಯೋಚಿಸುತ್ತ ಕೂರುವುದಕ್ಕೆ ಒಳ್ಳೆಯ ನೆರಳಿದೆ.

ರಾತ್ರಿ ಗದಗದಲ್ಲಿ ತಂಗಬೇಕು. ಈ ಒಂದು ವಿಷಯದಲ್ಲಿ ಮಾತ್ರ ನಿನ್ನ ರೆಸಾರ್ಟೇ ಗೆಲ್ಲುತ್ತದೆ. ಹೋದ ಸಲ ನಾವು ಇಳಿದುಕೊಂಡ ವಸತಿಗೃಹದಲ್ಲಿ ಗೋಡೆ ತುಂಬ ಪ್ಲಾಸ್ಟಿಕ್ ಬಿದಿರು, ಅದರ ನಡುವೆ ನೀಲಿ ದೀಪ, ಬಚ್ಚಲಿನಲ್ಲಿ ಸೋರುವ ನಲ್ಲಿ. ಕೂಗಳತೆಯಲ್ಲಿ ತ್ರಿಕೂಟೇಶ್ವರನ ಗುಡಿ, ಅದರ ಆವರಣದಲ್ಲೇ ಸರಸ್ವತಿ ಗುಡಿಯ ಕಂಬಗಳು. ಅವನ್ನು ನೋಡಿಕೊಂಡು ಬೆಳೆದ ಊರಿನಲ್ಲಿ ಈ ಬಿದಿರು ಯಾರಿಗೆ ಹೊಳೆಯಿತೋ! ಸಂಜೆಯ ಗಿರಮಿಟ್ಟು, ಮಿರ್ಚಿ ತಿಂದು ಸಿಟ್ಟು ಇಳಿಸಿಕೊಂಡೆವು.

ಭಾನುವಾರ ಬೆಳಿಗ್ಗೆ ಡಂಬಳ. ಕಪ್ಪತಗುಡ್ಡದ ಮಗ್ಗುಲಿನ ಊರು, ಗದಗದಿಂದ ಇಪ್ಪತ್ತು ಕಿಲೋಮೀಟರಿನಷ್ಟು ದೂರ. ಅಲ್ಲಿನ ದೊಡ್ಡಬಸಪ್ಪನ ಗುಡಿಯ ತಳವಿನ್ಯಾಸ ಇಪ್ಪತ್ತನಾಲ್ಕು ಮೂಲೆಗಳ ನಕ್ಷತ್ರ. ಗರ್ಭಗುಡಿಯ ಹೊರಗೋಡೆಯನ್ನು ಸುತ್ತಿದರೆ ಹಲ್ಲುಗಾಲಿಯ ಸುತ್ತ ನಡೆದಂತೆ ಆಗುತ್ತದೆ, ಶಿಖರಕ್ಕೂ ಅದೇ ಹಲ್ಲುಗಳು ಏರಿವೆ. ಇದನ್ನು ಮನೆಯಲ್ಲೇ ಬರೆದು ನೋಡಬಹುದು. ಒಂದು ಚೌಕ ಹಾಕು, ನಡುಬಿಂದುವಿಗೆ ಸೂಜಿ ಚುಚ್ಚಿ ಹದಿನೈದು ಡಿಗ್ರಿ ತಿರುಗಿಸು, ಮತ್ತೆ ಚೌಕ ಹಾಕು. ಹೀಗೆ ಆರು ಚೌಕಗಳಾದರೆ ಮೂಲೆಗಳು ಇಪ್ಪತ್ತನಾಲ್ಕು. ನನ್ನ ಮಗಳು ಕಂಪಾಸು ಹಿಡಿದು ಗುಡಿಯ ಮುಂದೆಯೇ ಬರೆದಳು. ಲೆಕ್ಕ ಕೂಡಿಬಂದಾಗ ದೊಡ್ಡಬಸಪ್ಪನ ಬಾಲದ ಹತ್ತಿರ ನಿಂತು ಕುಣಿದಳು. ಕಾವಲುಗಾರ ಮೊದಲು ಗದರಿಸಿದ, ಆಮೇಲೆ ಹಾಳೆ ಇಸಿದುಕೊಂಡು ತಾನೂ ಎಣಿಸಿದ.

ಮರಳುವಾಗ ಬೆಟಗೇರಿಯ ನೇಕಾರರ ಓಣಿಗೆ ಹೋಗೋಣ. ಕೈಮಗ್ಗಗಳು ಈಗ ಕಡಿಮೆ, ವಿದ್ಯುತ್ ಮಗ್ಗದ ಸದ್ದೇ ಹೆಚ್ಚು. ಒಂದು ಮನೆಯಲ್ಲಿ ಕುಣಿಮಗ್ಗ, ಅಂದರೆ ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಕೈಮಗ್ಗ, ಇನ್ನೂ ನಡೆಯುತ್ತಿತ್ತು. ಸೀರೆಯ ಒಡಲಿಗೆ ಚಿಕ್ಕ ಚೌಕಳಿ, ದಡಿ ಅಗಲ, ಬಣ್ಣ ಅರಿಶಿನ ಮತ್ತು ಕೆಂಪು. "ದಡಿ ಇಷ್ಟು ಅಗಲ ಯಾಕಮ್ಮಾ?" ಎಂದರೆ ಆ ಅಜ್ಜಿ, "ಹೊಲದಲ್ಲಿ ದುಡಿಯುವವಳ ಸೀರೆ ಮೊದಲು ಸವೆಯುವುದು ಅಂಚಿನಲ್ಲಿ" ಎಂದಳು. ನಿನ್ನ ಕಚೇರಿಯ ಹುಡುಗರಿಗೆ ಈ ಮಾತು ಹೇಳು.

ಚಳಿಗಾಲದಲ್ಲೇ ಬಾ. ಆಗ ಮಾಗಡಿ ಕೆರೆಗೆ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳೂ ಬಂದಿರುತ್ತವೆ, ಸಮಯ ಉಳಿದರೆ ಅತ್ತ ಹೋಗೋಣ. ರೈಲಿನಲ್ಲಿ ಶುಕ್ರವಾರ ರಾತ್ರಿ ಹೊರಟರೆ ಬೆಳಿಗ್ಗೆ ಹುಬ್ಬಳ್ಳಿಯಲ್ಲಿರುತ್ತೀಯ, ಮುಂದಿನದಕ್ಕೆ ನನ್ನ ಹಳೆಯ ಕಾರು ಇದೆ. ಕ್ಯಾಮೆರಾಗಿಂತ ಮುಖ್ಯವಾಗಿ ಅಳತೆಪಟ್ಟಿ, ಕಂಪಾಸು, ದೊಡ್ಡ ಹಾಳೆ ತಾ. ಹೊರಡುವ ವಾರ ಮೊದಲೇ ಫೋನ್ ಮಾಡು. ಕಟಕ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ ಕಟ್ಟಿಸಿಕೊಂಡೇ ಹೋಗೋಣ. ಲಕ್ಕುಂಡಿಯಲ್ಲಿ ಊಟದ ಹೊತ್ತಿಗೆ ನೀನು ಗುಡಿ ಬಿಟ್ಟು ಏಳುವವನಲ್ಲ.

ನಿನ್ನ ಗೆಳೆಯ,
ಹುಬ್ಬಳ್ಳಿ