ಕಾದ ಕಡಲು, ಚಂಡಮಾರುತದ ಬಲ

ಮಾನ್ಯರೇ,

ಹವಾಮಾನ ಬದಲಾವಣೆಯಿಂದ ಚಂಡಮಾರುತಗಳು ಹೆಚ್ಚಾಗಿವೆಯೇ ಎಂಬ ಚರ್ಚೆಯಲ್ಲಿ ಎರಡೂ ಕಡೆಯವರು ಬರೀ ಸಂಖ್ಯೆಗೆ ಜೋತುಬಿದ್ದಿದ್ದಾರೆ. ಸಂಖ್ಯೆಯ ಮಟ್ಟಿಗೆ ಅನುಮಾನಿಸುವವರ ಮಾತಿನಲ್ಲಿ ಹುರುಳಿದೆ. ಉಪಗ್ರಹಗಳು ಬರುವ ಮುಂಚೆ ನಡುಗಡಲಲ್ಲಿ ಹುಟ್ಟಿ ಅಲ್ಲೇ ಅಡಗಿದ ಚಂಡಮಾರುತ ಹಡಗಿನವರ ಕಣ್ಣಿಗೆ ಬಿದ್ದರಷ್ಟೇ ದಾಖಲೆ. ಅವರೋ, ಅದರಿಂದ ತಪ್ಪಿಸಿಕೊಳ್ಳುವವರು! ಆ ಹಳೆಯ ಪಟ್ಟಿ ಹಿಡಿದು ಇಂದಿಗೆ ಹೋಲಿಸಲಾಗದು. ಜಗತ್ತಿನಾದ್ಯಂತ ಒಟ್ಟು ಸಂಖ್ಯೆ ಏರಿದೆ ಎಂದು ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿ ಐಪಿಸಿಸಿಯ 2021ರ ವರದಿಯೂ ಹೇಳಿಲ್ಲ. ನಾಲ್ಕು ದಶಕಗಳಲ್ಲಿ ತೀವ್ರ ಚಂಡಮಾರುತಗಳ ಪಾಲು ಹೆಚ್ಚಿರುವ ಸಂಭವವಿದೆ ಎಂದಿದೆ.

ಚಂಡಮಾರುತ ಬೆಳೆಯಲು ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿನ ನೀರು ಬೇಕು, ಅದೂ ಹತ್ತಿರಹತ್ತಿರ 50 ಮೀಟರ್ ಆಳದವರೆಗೆ. ಗಾಳಿ ಕಡಲನ್ನು ಕಡೆದಾಗ ಅಡಿಯ ತಣ್ಣೀರು ಮೇಲೆ ಬಂದು ಚಂಡಮಾರುತದ ಬಲ ತಾನಾಗಿಯೇ ಕುಗ್ಗುತ್ತದೆ. ಕಾದ ಪದರ ದಪ್ಪವಾದಷ್ಟೂ ಈ ಕಡಿವಾಣ ಸಡಿಲ. ತಾಪಮಾನ ಒಂದು ಡಿಗ್ರಿ ಏರಿದರೆ ಗಾಳಿ ಹಿಡಿದಿಟ್ಟುಕೊಳ್ಳುವ ತೇವಾಂಶವೂ ಸುಮಾರು ಶೇ 7ರಷ್ಟು ಹೆಚ್ಚುವುದರಿಂದ ಮಳೆಯೂ ಜೋರು. ಗಾಳಿಯ ಹೊಡೆತ ವೇಗದ ವರ್ಗಕ್ಕೆ (ವೇಗವನ್ನು ವೇಗದಿಂದಲೇ ಗುಣಿಸಿದ ಮೊತ್ತಕ್ಕೆ) ತಕ್ಕಂತೆ ಏರುತ್ತದೆ: ಗಂಟೆಗೆ 100 ಕಿ.ಮೀ. ಇದ್ದದ್ದು 120 ಆದರೆ ಮಾಡಿನ ಶೀಟಿಗೆ ಬೀಳುವ ಪೆಟ್ಟು ಶೇ 44 ಹೆಚ್ಚು.

ಅರಬ್ಬಿ ಸಮುದ್ರದಲ್ಲಿ 1982–2000ಕ್ಕೆ ಹೋಲಿಸಿದರೆ 2001–2019ರಲ್ಲಿ ಚಂಡಮಾರುತಗಳು ಶೇ 52 ಹೆಚ್ಚಿವೆ ಎಂದು ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ತೋರಿಸಿದರು. ಇದನ್ನು ಭಾಷಣಗಳಲ್ಲಿ ಬಳಸುವವರು ತುಸು ಜೋಪಾನ. ವರ್ಷಕ್ಕೆ ಒಂದೆರಡು ಹುಟ್ಟುವ ಕಡಲಿದು. 2019ರ ಒಂದೇ ವರ್ಷದಲ್ಲಿ ಐದು ಬಂದವು, ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಆ ವರ್ಷ ಪೂರ್ವಕ್ಕಿಂತ ವಿಪರೀತ ಕಾದಿತ್ತು. ಅಂಥ ಒಂದು ವರ್ಷವೇ ಶೇಕಡಾವಾರು ಲೆಕ್ಕವನ್ನು ಎಳೆದಾಡಬಲ್ಲದು.

ನಮ್ಮ ಕರಾವಳಿಗೆ ನಿಜವಾದ ಆತಂಕ, ಚಂಡಮಾರುತ ದಿಢೀರನೆ ಬಲಿಯುವುದು. 2017ರ ನವೆಂಬರ್ 29ರಂದು ಬರೀ ವಾಯುಭಾರ ಕುಸಿತವಾಗಿದ್ದ 'ಒಖಿ' ಮರುದಿನವೇ ಚಂಡಮಾರುತವಾಯಿತು. ಕೇರಳ, ತಮಿಳುನಾಡಿನ ಬಹಳಷ್ಟು ಮೀನುಗಾರರು ಅಷ್ಟರಲ್ಲಾಗಲೇ ಕಡಲಲ್ಲಿದ್ದರು. ಮಲ್ಪೆ, ಮಂಗಳೂರು ದಕ್ಕೆಯಿಂದ ಹೊರಡುವ ಆಳಸಮುದ್ರ ಬೋಟುಗಳು ದಿನಗಟ್ಟಲೆ ಹೊರಗಿರುತ್ತವೆ. ಗಂಟೆಗೆ 31–49 ಕಿ.ಮೀ. ಗಾಳಿಯ 'ವಾಯುಭಾರ ಕುಸಿತ' ಎಂಬ ಸೂಚನೆ ಬಂದಾಗಲೇ ಬೋಟು ತಿರುಗಿಸಬೇಕು. ಹೆಸರಿಟ್ಟ ಮೇಲೆ ಹೊರಟರೆ ತಡವಾದೀತು.

ಇನ್ನೊಂದು ವಿನಂತಿ ಪತ್ರಿಕೆಗೇ. 2021ರ ಮೇಯಲ್ಲಿ 'ತೌಕ್ತೆ' ದಡ ಸೇರಿದ್ದು ಗುಜರಾತಿನಲ್ಲಿ, ಆದರೂ ಅದರ ಅಲೆಗಳು ನಮ್ಮ ತೀರವನ್ನು ಕೊರೆದವು. ಚಂಡಮಾರುತ ಎಲ್ಲಿ ದಡ ಮುಟ್ಟುತ್ತದೆ ಎಂಬ ಸುದ್ದಿಯ ಪಕ್ಕದಲ್ಲೇ, ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್ ಕೊಡುವ ಅಲೆಯ ಎತ್ತರದ ಮುನ್ಸೂಚನೆಯನ್ನೂ ಆಯಾ ದಿನದ ಭರತದ (ಕಡಲ ಉಬ್ಬರದ) ವೇಳೆಯನ್ನೂ ಪ್ರಕಟಿಸಿ. ಎತ್ತರದ ಅಲೆ, ಭರತ ಒಟ್ಟಿಗೆ ಬಂದಾಗಲೇ ತಡೆಗೋಡೆಯ ಕಲ್ಲು ಜಾರುವುದು.

– ನಿವೃತ್ತ ಭೂಗೋಳ ಉಪನ್ಯಾಸಕ, ಉಡುಪಿ