‘ನಾವು’ ಎಂಬ ಮಾತಿಗೂ ತಾರೀಖು ಇರುತ್ತದೆ

ರಾಯಚೂರು

ಪ್ರೀತಿಯ ತಂಗಿಗೆ,

ನಿನ್ನ ಹಸ್ತಪ್ರತಿಯ ಮೊದಲ ನಾಲ್ಕು ಅಧ್ಯಾಯ ಓದಿದೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಜನ ತಮ್ಮನ್ನು ಕನ್ನಡಿಗರು ಎಂದೂ ಭಾರತೀಯರು ಎಂದೂ ಯಾವಾಗಿನಿಂದ ಕರೆದುಕೊಂಡರು ಎಂಬ ಪ್ರಶ್ನೆ ಹಿಡಿದು ಹೊರಟಿದ್ದೀಯ. ನಮ್ಮ ಭಾಗದವರೇ ಬರೆಯಬೇಕಾದ ಪುಸ್ತಕ ಅದು. ಆದರೆ ಮೊದಲ ಪುಟದಲ್ಲೇ ‘ಎರಡು ಸಾವಿರ ವರ್ಷಗಳಿಂದ ಕನ್ನಡಿಗರಾದ ನಾವು’ ಎಂದು ಬರೆದಿದ್ದೀಯ. ಹುಡುಕುವ ಮೊದಲೇ ಸಿಕ್ಕಿತು ಅಂದ ಹಾಗಾಯಿತು. ‘ನಾವು’ ಎಂಬ ಮಾತನ್ನು ಯಾರೋ ಒಬ್ಬರು, ಯಾವುದೋ ಒಂದು ದಿನ, ಯಾರಿಗೋ ಹೇಳಿರುತ್ತಾರೆ. ಆ ಮೂರನ್ನೂ ಹಿಡಿಯುವುದೇ ನಿನ್ನ ಕೆಲಸ.

ಅದಕ್ಕೆ ಪೋಸ್ಟ್‌ಕಾರ್ಡ್ ಅಳತೆಯ ರಟ್ಟಿನ ಚೀಟಿಗಳನ್ನು ಇಟ್ಟುಕೋ. ಒಂದು ಚೀಟಿಗೆ ಒಂದೇ ಪದ: ನಾಡು, ದೇಶ, ಕರ್ಣಾಟ, ಕನ್ನಡಿಗ, ರಾಷ್ಟ್ರ, ಮುಲ್ಕಿ, ಹೀಗೆ. ಆಕರದಲ್ಲಿ ಇರುವ ರೂಪದಲ್ಲೇ ಬರೆ, ಈಗಿನ ಕಾಗುಣಿತಕ್ಕೆ ತಿದ್ದಬೇಡ. ಕೆಳಗೆ ಹೇಳಿದವರು, ಕೇಳಿದವರು, ಆಕರದ ಭಾಷೆ, ಆಕರದಲ್ಲಿರುವ ತಾರೀಖು, ನೀನು ಲೆಕ್ಕ ಹಾಕಿದ ಇಸವಿ, ಪುಟ ಅಥವಾ ಶಾಸನದ ಸಾಲು. ನಿನ್ನ ಅಭಿಪ್ರಾಯ ಚೀಟಿಯ ಹಿಂಬದಿಗೆ, ಪೆನ್ಸಿಲ್ಲಿನಲ್ಲಿ. ಆರು ತಿಂಗಳು ಕಳೆದರೆ ಆಕರದ ಮಾತು ಯಾವುದು, ನಿನ್ನ ಮಾತು ಯಾವುದು ಎಂಬುದು ಕಲೆತುಹೋಗುತ್ತದೆ. ನಿನ್ನ ಎರಡನೇ ಅಧ್ಯಾಯದಲ್ಲಿ ಆಗಿರುವುದು ಅದೇ.

ಆ ಅಧ್ಯಾಯ ಮಸ್ಕಿಯಿಂದ ಶುರುವಾಗುತ್ತದೆ. 1915ರಲ್ಲಿ ಗಣಿ ಎಂಜಿನಿಯರ್ ಒಬ್ಬರಿಗೆ ಕಂಡ ಆ ಬಂಡೆಗಲ್ಲಿನ ಮೇಲೆ ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆ ಅಶೋಕನ ಹೆಸರೇ ಇದೆ. ದೇವಾನಾಂಪ್ರಿಯ, ಪ್ರಿಯದರ್ಶಿ ಎಂದು ಕರೆದುಕೊಂಡವನು ಅಶೋಕನೇ ಎಂದು ವಿದ್ವಾಂಸರು ಮಾಡಿಕೊಂಡಿದ್ದ ಊಹೆಗೆ ಕಲ್ಲಿನ ಸಾಕ್ಷಿ ಸಿಕ್ಕಿದ್ದು ನಮ್ಮ ಜಿಲ್ಲೆಯಲ್ಲಿ. ಹೆಮ್ಮೆ ಪಡುವ ಸಂಗತಿಯೇ. ಆದರೆ ಅದರ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ, ವಿಷಯ ಧರ್ಮಾಚರಣೆ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳ ಶಾಸನಗಳೂ ಅಂಥವೇ. ಇಲ್ಲಿಯ ಜನ ತಮ್ಮನ್ನು ಏನೆಂದು ಕರೆದುಕೊಂಡರು ಎಂಬುದಕ್ಕೆ ಅವುಗಳಲ್ಲಿ ಒಂದಕ್ಷರವೂ ಇಲ್ಲ. ಮಸ್ಕಿ ನಿನಗೆ ನಿಜವಾಗಿ ಬೇಕಾಗುವುದು ಇಪ್ಪತ್ತನೇ ಶತಮಾನದ ಅಧ್ಯಾಯದಲ್ಲಿ, ಅಶೋಕನ ಸಿಂಹಸ್ತಂಭ 1950ರ ಜನವರಿ 26ರಂದು ಗಣರಾಜ್ಯದ ಲಾಂಛನವಾಗುವ ಹೊತ್ತಿಗೆ. ಅಲ್ಲಿಗೆ ಒಯ್ದು ಇಡು.

ಕವಿರಾಜಮಾರ್ಗದ ವಿಷಯ ಬೇರೆ. ಸುಮಾರು 850ರ ಆ ಕೃತಿ ಕಾವೇರಿಯಿಂದ ಗೋದಾವರಿವರೆಗಿನ ಕನ್ನಡ ನಾಡನ್ನು ಹೇಳಿ, ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ನಾಡನ್ನು ‘ಕನ್ನಡದ ತಿರುಳ್’ ಎನ್ನುತ್ತದೆ. ಕೊಪಣ ಅಂದರೆ ನಿಮ್ಮ ಕೊಪ್ಪಳ. ಭಾಷೆಯಿಂದ ಒಂದು ನೆಲವನ್ನು ಗುರುತಿಸುವ ಅರಿವು ಆಗಲೇ ಇತ್ತು ಎನ್ನಲು ಇದು ಗಟ್ಟಿ ಸಾಕ್ಷಿ, ಇದನ್ನು ಸಣ್ಣದು ಮಾಡಬೇಡ. ಆದರೆ ಹೇಳಿದವರು ಆಸ್ಥಾನದ ಕವಿ, ಕೇಳಿದವರು ಕಾವ್ಯ ಬರೆಯಲು ಹೊರಟವರು, ಪ್ರಶ್ನೆ ಯಾವ ಕನ್ನಡ ಕಾವ್ಯಕ್ಕೆ ಒಗ್ಗುತ್ತದೆ ಎಂಬುದು. ಹೊಲದಲ್ಲಿ ದುಡಿಯುವ ಒಕ್ಕಲಿಗ ತನ್ನ ನಾಡು ಯಾವುದು ಎಂದಿದ್ದ ಎಂಬುದಕ್ಕೆ ಊರ ಶಾಸನಗಳನ್ನೇ ನೋಡಬೇಕು. ಅಲ್ಲಿ ಸಿಗುವುದು ಎಡೆದೊರೆ ಎರಡು ಸಾಸಿರ, ಬಳ್ಳಕುಂದೆ ಮುನ್ನೂರು, ಕೋಗಳಿ ಐನೂರು, ಕುಕ್ಕನೂರು ಮೂವತ್ತು. ಶಾಸನದಲ್ಲಿ ‘ನಾಡು’ ಕಂಡ ಕಡೆಯೆಲ್ಲ ‘ಕರ್ನಾಟಕ’ ಎಂದು ಓದಿಕೊಂಡರೆ ಈ ಸಣ್ಣ ನಾಡುಗಳೆಲ್ಲ ಅಳಿಸಿಹೋಗುತ್ತವೆ. ಬಳ್ಳಾರಿ ಭಾಗಕ್ಕೆ ದಕ್ಷಿಣ ಭಾರತ ಶಾಸನ ಮಾಲೆಯ 9ನೇ ಸಂಪುಟ, ಮೂರೂ ಜಿಲ್ಲೆಗೆ ಹಂಪಿ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳು ಸಾಕಷ್ಟು ಕೆಲಸ ಕೊಡುತ್ತವೆ. ಅಚ್ಚಿನ ಪಾಠ ಓದಿದ ಮೇಲೆ ಕಲ್ಲಿನ ಹತ್ತಿರ ಹೋಗು. ಬೆಳಗ್ಗೆ ಇಲ್ಲವೇ ಸಂಜೆಯ ಓರೆ ಬಿಸಿಲಲ್ಲಿ ಫೋಟೊ ತೆಗೆದರೆ ಸವೆದ ಅಕ್ಷರವೂ ನೆರಳಿನಿಂದ ಎದ್ದು ಕಾಣುತ್ತದೆ. ಸುಣ್ಣದಪುಡಿ, ಎಣ್ಣೆ ಸವರಬೇಡ, ಕಲ್ಲು ಹಾಳಾಗುತ್ತದೆ.

ಶಾಸನದ ತಾರೀಖನ್ನು ನೀನೇ ತಾಳೆ ನೋಡಿಕೊಳ್ಳಬೇಕು. ಶಕ ವರ್ಷಕ್ಕೆ 78 ಕೂಡಿಸಿದರೆ ಇಸವಿ. ತಿಥಿ ಜನವರಿಯಿಂದ ಯುಗಾದಿಯ ಒಳಗೆ ಬಿದ್ದರೆ 79. ಸಂವತ್ಸರ ತಿಳಿಯಲು ಶಕಕ್ಕೆ 12 ಕೂಡಿಸಿ 60ರಿಂದ ಭಾಗಿಸು. ಉಳಿದದ್ದು ಪ್ರಭವದಿಂದ ಎಣಿಸಿದ ಸಂಖ್ಯೆ, ಏನೂ ಉಳಿಯದಿದ್ದರೆ ಅರವತ್ತನೆಯದು. ಶಕ 1258 ತೆಗೆದುಕೋ: 1270ನ್ನು ಭಾಗಿಸಿದರೆ 10 ಉಳಿಯುತ್ತದೆ, ಹತ್ತನೆಯದು ಧಾತು. ಒಂದು ವರ್ಷ ಹಿಂದುಮುಂದಾದರೆ ಗತವರ್ಷ (ಮುಗಿದ ವರ್ಷ), ವರ್ತಮಾನವರ್ಷ (ನಡೆಯುತ್ತಿರುವ ವರ್ಷ) ಎಂಬ ಎರಡು ಎಣಿಕೆಗಳ ಗೊಂದಲ ಇರಬಹುದು. ಅದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಅನುಮಾನಿಸು. ಲೆಕ್ಕ ಸರಿಹೊಂದಿದ ಮಾತ್ರಕ್ಕೆ ಶಾಸನ ಆ ಕಾಲದ್ದೇ ಎಂದು ನಂಬಿಬಿಡಲೂ ಬೇಡ. ಶಕ 1258, ಧಾತು ಸಂವತ್ಸರ ಎಂದರೆ ವಿಜಯನಗರ ಸ್ಥಾಪನೆಗೆ ಪರಂಪರೆ ಹೇಳುವ 1336. ಆ ವರ್ಷ ಹೇಳುವ ತಾಮ್ರಶಾಸನಗಳನ್ನು ಬಹಳ ವಿದ್ವಾಂಸರು ನಂತರದ ಕಾಲದ ಸೃಷ್ಟಿ ಎಂದೇ ಎಣಿಸುತ್ತಾರೆ. ಹಿಂದಿನ ಕಾಲಕ್ಕೆ ಶಾಸನ ಹುಟ್ಟಿಸುವವನಿಗೂ ಪಂಚಾಂಗ ಬರುತ್ತಿತ್ತು. ನಂತರದವರು ಬರೆದಿದ್ದರೆ ಅದನ್ನು ಎಸೆಯಬೇಡ, ಅವರಿಗೆ ಯಾಕೆ ಬೇಕಾಯಿತು ಎಂದು ಕೇಳಿ ಅವರ ಕಾಲದ ಅಧ್ಯಾಯದಲ್ಲಿ ಸೇರಿಸು.

ವಿಜಯನಗರದ ಅರಸರ ‘ಹಿಂದೂರಾಯ ಸುರತ್ರಾಣ’ ಎಂಬ ಬಿರುದಿನಿಂದ ನೀನು ಬಹಳ ದೂರದ ತೀರ್ಮಾನಕ್ಕೆ ಹೋಗಿದ್ದೀಯ. ಸುರತ್ರಾಣ ಅಂದರೆ ಸುಲ್ತಾನ. ಎದುರಾಳಿಗಳ ಬಿರುದನ್ನೇ ಗೌರವವೆಂದು ತೊಟ್ಟುಕೊಂಡ ಅರಸು ಇವನು. ಎರಡೂ ಕಡೆಯವರಿಗೆ ಅರ್ಥವಾಗುವ ರಾಜಭಾಷೆ ಒಂದಿತ್ತು ಎಂದಾಗುತ್ತದೆ. ರಾಯಚೂರಿನ ಕೋಟೆಯನ್ನೇ ನೋಡು: 1294ರ ಕಾಕತೀಯರ ಕಾಲದ ತೆಲುಗು ಶಾಸನ ಅಲ್ಲಿದೆ, ಆಮೇಲಿನ ಸುಲ್ತಾನರ ಕಾಲದ ಪಾರ್ಸಿ ಬರಹಗಳೂ ಇವೆ. ‘ಕೋಟೆ ಯಾರದು’ ಎಂದು ಕೇಳಿದರೆ ಜಗಳವಷ್ಟೇ ಸಿಗುತ್ತದೆ. ಯಾವ ಕಲ್ಲು ಯಾವ ಭಾಷೆಯಲ್ಲಿ ಯಾರನ್ನು ಉದ್ದೇಶಿಸಿದೆ ಎಂದು ಕೇಳಿದರೆ ನಿನಗೆ ಒಂದು ಅಧ್ಯಾಯ ಸಿಗುತ್ತದೆ.

ಇನ್ನು ನಿನ್ನ ಪುಸ್ತಕದ ಬೆನ್ನೆಲುಬು, ಅಂದರೆ 1800ರಿಂದ ಈಚೆಗಿನದು. ಆ ವರ್ಷ ನಿಜಾಮರು ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟರು. ಥಾಮಸ್ ಮನ್ರೋ 1807ರವರೆಗೆ ಅಲ್ಲಿ ಕಲೆಕ್ಟರಾಗಿ ರೈತವಾರಿ ಕಂದಾಯಕ್ಕೆ ತಳಪಾಯ ಹಾಕಿದರು. ತುಂಗಭದ್ರೆ ಗಡಿಯಾಯಿತು. ಈ ದಂಡೆ ಮದ್ರಾಸ್, ಆ ದಂಡೆ ಜನರ ಬಾಯಲ್ಲಿ ಮೊಗಲಾಯಿ, ಅಂದರೆ ನಿಜಾಮರ ಸೀಮೆ. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಾಗೀರು, ಆದ್ದರಿಂದ ಅಲ್ಲಿಯ ಕಾಗದಗಳನ್ನು ರಾಯಚೂರಿನ ಕಂತೆಯಲ್ಲಷ್ಟೇ ಹುಡುಕಿದರೆ ಸಾಲದು. ಸಂಡೂರು 1949ರವರೆಗೆ ಘೋರ್ಪಡೆಯವರ ಸಂಸ್ಥಾನ. ಕೃಷ್ಣೆ, ತುಂಗಭದ್ರೆಗಳ ನಡುವಿನ ರಾಯಚೂರು ದೋಆಬ್ 1853ರಿಂದ 1860ರವರೆಗೆ ಇಂಗ್ಲಿಷರ ಕೈಯಲ್ಲಿತ್ತು ಎಂಬುದನ್ನು ನೀನು ಬಿಟ್ಟೇಬಿಟ್ಟಿದ್ದೀಯ. ಮುಂಡರಗಿ ಭೀಮರಾಯರು ಕೊಪ್ಪಳ ಕೋಟೆಯಲ್ಲಿ ಕಾದಿದ 1858ನ್ನು ಈ ಏಳು ವರ್ಷಗಳ ಒಳಗಿಟ್ಟು ಓದಬೇಕು.

ಎರಡು ದಂಡೆಯ ಕಾಗದಗಳನ್ನು ಜೋಡಿಸುವಾಗ ಮೂರು ಕಡೆ ಕಾಲು ಜಾರುತ್ತದೆ. ಮೊದಲನೆಯದು ಫಸಲಿ, ಅಂದರೆ ಕಂದಾಯದ ವರ್ಷ. ಎರಡೂ ಕಡೆ ಫಸಲಿಗೆ 590 ಕೂಡಿಸಿದರೆ ಆ ವರ್ಷ ಶುರುವಾದ ಇಸವಿ ಸಿಗುತ್ತದೆ, ನಿಜ. ಆದರೆ ಮದ್ರಾಸಿನ ಫಸಲಿ ಜುಲೈ 1ಕ್ಕೆ ಶುರು, ಹೈದರಾಬಾದಿನದು ಅಕ್ಟೋಬರ್ ಮೊದಲ ವಾರದಲ್ಲಿ, ಅಜೂರ್ ತಿಂಗಳಿಂದ. ಹಾಗಾಗಿ 1947ರ ಆಗಸ್ಟ್ ಬಳ್ಳಾರಿಯ ಕಡತದಲ್ಲಿ ಫಸಲಿ 1357, ರಾಯಚೂರಿನ ಕಡತದಲ್ಲಿ 1356. ಇದು ತಿಳಿಯದೆ ನೀನು ಒಂದೇ ತಿಂಗಳ ಎರಡು ಪತ್ರಗಳ ನಡುವೆ ಒಂದು ವರ್ಷದ ಮೌನ ಕಂಡು ಅದಕ್ಕೆ ಕಾರಣವನ್ನೂ ಬರೆದಿದ್ದೀಯ. ಎರಡನೆಯದು ಹಣ. ಹೈದರಾಬಾದಿನ ಹಾಲಿ ಸಿಕ್ಕಾದ 7 ರೂಪಾಯಿ ಇಂಗ್ಲಿಷ್ ಕಲ್ದಾರಿನ 6 ರೂಪಾಯಿಗೆ ಸಮ. ಕಂದಾಯ ಹೋಲಿಸುವಾಗ ಒಂದೇ ನಾಣ್ಯಕ್ಕೆ ತಂದುಕೊಳ್ಳದಿದ್ದರೆ ಮೊಗಲಾಯಿಯ ರೈತನ ಮೇಲೆ ಇಲ್ಲದ ಭಾರ ಹೊರಿಸುತ್ತೀಯ. ಮೂರನೆಯದು ಹುದ್ದೆಯ ಹೆಸರು. ಹೈದರಾಬಾದಿನ ಅವ್ವಲ್ ತಾಲ್ಲೂಕುದಾರ ಅಂದರೆ ಜಿಲ್ಲೆಯ ಕಲೆಕ್ಟರ್. ಉತ್ತರ ಭಾರತದ ಜಮೀನ್ದಾರ ತಾಲ್ಲೂಕುದಾರನಿಗೂ ಅವನಿಗೂ ಸಂಬಂಧವಿಲ್ಲ.

ಇದಕ್ಕೆಲ್ಲ ಭಾಷೆ ಬೇಕು. ಹೈದರಾಬಾದಿನ ಆಡಳಿತ 1880ರ ದಶಕದಲ್ಲಿ ಪಾರ್ಸಿಯಿಂದ ಉರ್ದುವಿಗೆ ತಿರುಗಿತು, ಕೈಬರಹ ಶಿಕಸ್ತಾ ಎಂಬ ಅವಸರದ ಮೋಡಿ. ಉರ್ದು ಅಚ್ಚು ಓದಲು ಬಂದರೂ ಶಿಕಸ್ತಾಕ್ಕೆ ಬೇರೆಯೇ ಅಭ್ಯಾಸ ಬೇಕು. ಹಳೆಯ ಕ್ರಯಪತ್ರ ಓದಿ ರೂಢಿಯಿರುವ ಹಿರಿಯರನ್ನು ಹಿಡಿದು ಅವರ ಜೊತೆ ಕುಳಿತು ಓದು. ಅನುವಾದ ಮಾತ್ರ ಬರೆಸಿಕೊಂಡು ಬರಬೇಡ, ನಿನಗೆ ಬೇಕಾದ ಪದವೇ ಅನುವಾದದಲ್ಲಿ ಮಾಯವಾಗುತ್ತದೆ. ‘ಮುಲ್ಕಿ’ ಅಂಥ ಪದ. 1919ರ ನಿಯಮದ ಪ್ರಕಾರ ಹದಿನೈದು ವರ್ಷ ಸಂಸ್ಥಾನದಲ್ಲಿ ನೆಲೆಸಿದವರೂ ಮುಲ್ಕಿ, ಸರ್ಕಾರಿ ನೌಕರಿಗೆ ಅರ್ಹರು. ಅರ್ಜಿಯಲ್ಲಿ ಮುಲ್ಕಿ, ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು: ರಾಯಚೂರಿನ ಒಬ್ಬನೇ ಮನುಷ್ಯ ಈ ಮೂರೂ ಆಗಿದ್ದ. ‘ಮುಲ್ಕಿ’ಯನ್ನು ‘ಸ್ಥಳೀಯ’ ಎಂದು ಅನುವಾದಿಸಿದ ಕೂಡಲೇ ಅವನ ಮೂರನೇ ಒಂದು ಭಾಗ ಹೋಯಿತು.

ಈ ಹಿನ್ನೆಲೆಯಲ್ಲಿ ಆಲೂರು ವೆಂಕಟರಾಯರನ್ನು ಓದು. ನೀನು ಅವರನ್ನು ಒಂದು ಪ್ಯಾರಾದಲ್ಲಿ ಹೊಗಳಿ ಮುಗಿಸಿದ್ದೀಯ, ಅವರಿಗೆ ಅಷ್ಟು ಸಾಲದು. 1880ರಲ್ಲಿ ಹುಟ್ಟಿ 1964ರವರೆಗೆ ಬಾಳಿದ ಅವರು ಹಂಪಿ, ಆನೆಗೊಂದಿಗಳನ್ನು ನೋಡಿದ ಮೇಲೆ ಕರ್ನಾಟಕದ ಚರಿತ್ರೆಗೆ ತಮ್ಮನ್ನು ತೆತ್ತುಕೊಂಡವರು. ‘ಕರ್ನಾಟಕ ಗತವೈಭವ’ 1917ರಲ್ಲಿ ಬಂತು. ಮಲಗಿದವರನ್ನು ಎಬ್ಬಿಸಲು ಬರೆದ ಚರಿತ್ರೆ ಅದು, ಅದನ್ನು ಅವರು ಮುಚ್ಚಿಡಲಿಲ್ಲ. ಕರ್ನಾಟಕತ್ವ ರಾಷ್ಟ್ರೀಯತ್ವಕ್ಕೆ ಎದುರು ನಿಲ್ಲುವುದಿಲ್ಲ ಎಂಬುದು ಅವರು ಬದುಕಿನುದ್ದಕ್ಕೂ ಹಿಡಿದ ವಾದ. ಅವರ ಬಗ್ಗೆ ಬರೆಯುವಾಗ ಬದುಕನ್ನು ಒಂದು ಅಂಕಣದಲ್ಲಿ, ಬರಹವನ್ನು ಇನ್ನೊಂದರಲ್ಲಿ ವರ್ಷವಾರು ಎದುರುಬದುರು ಇಡು. ಯಾವ ಅರಸರನ್ನು ಆರಿಸಿಕೊಂಡರು, ಯಾರನ್ನು ಬಿಟ್ಟರು, ಬಹಮನಿ, ಆದಿಲಶಾಹಿಗಳಿಗೆ ಎಷ್ಟು ಪುಟ ಕೊಟ್ಟರು ಎಂದು ಎಣಿಸಿ ನೋಡು. ಅವರ ಓದುಗರು ಎಲ್ಲಿದ್ದರು ಎಂಬುದನ್ನೂ ಕೇಳು. ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿತ್ತು. ಉರ್ದು ಶಾಲೆಯಲ್ಲಿ ಓದಿದ ರಾಯಚೂರಿನ ಹುಡುಗನಿಗೆ ಆ ಪುಸ್ತಕ ತಲುಪುವ ದಾರಿ ಯಾವುದು? ಸಾಹಿತ್ಯ ಸಮ್ಮೇಳನಗಳು ಆ ದಾರಿಗಳಲ್ಲಿ ಒಂದು. 1926ರಲ್ಲಿ ಬಳ್ಳಾರಿ, ಹಳಕಟ್ಟಿಯವರ ಅಧ್ಯಕ್ಷತೆ. 1934ರಲ್ಲಿ ನಿಜಾಮರ ನೆಲದ ಒಳಗೇ ರಾಯಚೂರಿನಲ್ಲಿ, ಪಂಜೆಯವರು. 1938ರಲ್ಲಿ ಮತ್ತೆ ಬಳ್ಳಾರಿ, ದಿವಾಕರರು. ಈ ಮೂರರ ಭಾಷಣ, ನಿರ್ಣಯಗಳನ್ನು ಪಕ್ಕಪಕ್ಕ ಇಟ್ಟು, ಬಳ್ಳಾರಿಯಲ್ಲಿ ಹೇಳಿದ ಯಾವ ಮಾತನ್ನು ರಾಯಚೂರಿನಲ್ಲಿ ಹೇಳಲಿಲ್ಲ ಎಂದು ಹುಡುಕು.

ಜನಗಣತಿಯ ಅಂಕಿಗಳನ್ನು ನೀನು ಸಾಲಾಗಿ ಇಟ್ಟಿದ್ದೀಯ. ಪ್ರಶ್ನೆಯೇ ಬದಲಾದದ್ದನ್ನು ಗಮನಿಸಿಲ್ಲ. 1881ರಲ್ಲಿ ಕೇಳಿದ್ದು ಮಾತೃಭಾಷೆ. 1901, 1911, 1921ರಲ್ಲಿ ಸಾಮಾನ್ಯವಾಗಿ ಬಳಸುವ ಭಾಷೆ. 1931ರಲ್ಲಿ ಮತ್ತೆ ಮಾತೃಭಾಷೆ. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಆಡುವ ಬಳ್ಳಾರಿಯ ಕುಟುಂಬ ಎರಡು ಗಣತಿಗಳಲ್ಲಿ ಎರಡು ಕಾಲಮ್ಮಿಗೆ ಬೀಳಬಹುದು. ಅದನ್ನು ‘ವಲಸೆ’ ಎಂದು ಬರೆದರೆ ತಪ್ಪು. ಪ್ರತಿ ವರ್ಷದ ಪಟ್ಟಿಯ ಮೇಲೆ ಆ ವರ್ಷದ ಪ್ರಶ್ನೆಯನ್ನು ಬರೆದಿಡು.

ಈ ಅಂಕಿಗಳು ಎಷ್ಟು ಬಿಸಿಯಾಗಬಲ್ಲವು ಎಂಬುದು 1953ರಲ್ಲಿ ಗೊತ್ತಾಗುತ್ತದೆ. ಆಂಧ್ರ ರಾಜ್ಯ ಹುಟ್ಟಿದ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಉಳಿದ ತಾಲ್ಲೂಕುಗಳು ಮೈಸೂರಿಗೆ ಬಂದವು. ಬಳ್ಳಾರಿ ತಾಲ್ಲೂಕಿಗಾಗಿಯೇ ಮಿಶ್ರಾ ಅವರ ಏಕಸದಸ್ಯ ಆಯೋಗ ಕೂತಿತ್ತು. ಎರಡು ವರ್ಷ ಕಳೆಯುವುದರೊಳಗೆ ರಾಜ್ಯಗಳ ಮರುವಿಂಗಡಣೆಗೆ ನೇಮಿಸಿದ್ದ ಫಜಲ್ ಅಲಿ ಆಯೋಗ ತುಂಗಭದ್ರಾ ಯೋಜನೆಯ ಆಡಳಿತವನ್ನು ಮುಂದಿಟ್ಟು ಬಳ್ಳಾರಿ, ಹೊಸಪೇಟೆ ಭಾಗವನ್ನು ಆಂಧ್ರಕ್ಕೆ ಸೇರಿಸಲು ಶಿಫಾರಸು ಮಾಡಿತು, ಸರ್ಕಾರ ಒಪ್ಪಲಿಲ್ಲ. ನೆಲ ಅದೇ, ಅಳತೆಗೋಲು ಮಾತ್ರ ಬೇರೆ: ಒಮ್ಮೆ ಭಾಷೆ, ಒಮ್ಮೆ ನೀರು. ಆ ಎರಡು ವರದಿಗಳನ್ನು ಹೋಲಿಸುವ ಇಪ್ಪತ್ತು ಪುಟ ನಿನ್ನ ಪುಸ್ತಕದ ಅತಿ ಮುಖ್ಯ ಪುಟಗಳಾಗಬಹುದು. ಈಗ ಅವು ಒಂದೂವರೆ ಪುಟ.

ನಿಜಾಮರ ಆಳ್ವಿಕೆ ಕೊನೆಗೊಂಡ 1948ರ ಸೆಪ್ಟೆಂಬರ್ 17ರ ಅಧ್ಯಾಯವನ್ನು ಎದೆ ಗಟ್ಟಿ ಮಾಡಿಕೊಂಡು ಬರೆ. ರಜಾಕಾರರ ದೌರ್ಜನ್ಯವನ್ನೂ ಮುಂಡರಗಿಯಂಥ ಗಡಿ ಶಿಬಿರಗಳನ್ನೂ ಅಳವಂಡಿ ಶಿವಮೂರ್ತಿಸ್ವಾಮಿಯವರ ಹೋರಾಟವನ್ನೂ ಚೆನ್ನಾಗಿ ಬರೆದಿದ್ದೀಯ. ಪೊಲೀಸ್ ಕಾರ್ಯಾಚರಣೆಯ ನಂತರ ಮುಸ್ಲಿಮರ ಮೇಲೆ ನಡೆದ ಹತ್ಯೆಗಳನ್ನು ವಿಚಾರಿಸಿದ ಸುಂದರಲಾಲ್ ಸಮಿತಿಯ ವರದಿ ದಶಕಗಳ ಕಾಲ ಬೆಳಕಿಗೆ ಬರಲಿಲ್ಲ. ಅದು ಹೆಚ್ಚು ನೊಂದ ಜಿಲ್ಲೆಗಳೆಂದು ಹೇಳುವ ನಾಲ್ಕರಲ್ಲಿ ಕಲಬುರಗಿ, ಬೀದರ್ ಇವೆ. ನಿನ್ನ ಪುಸ್ತಕದಲ್ಲಿ ಅದರ ಸುದ್ದಿಯೇ ಇಲ್ಲ. ರಾಷ್ಟ್ರ ಕಟ್ಟಿಕೊಳ್ಳಲು ಮರೆವೂ ಬೇಕಾಗುತ್ತದೆ ಎಂದು ಫ್ರೆಂಚ್ ವಿದ್ವಾಂಸ ಎರ್ನೆಸ್ಟ್ ರೆನಾನ್ ಪ್ಯಾರಿಸಿನಲ್ಲಿ 1882ರಲ್ಲೇ ಹೇಳಿದ್ದರು. ಚರಿತ್ರೆ ಬರೆಯುವವಳು ಆ ಮರೆವಿಗೆ ಕೈಜೋಡಿಸಬಾರದು. ಎರಡೂ ನೋವನ್ನು ಬರೆ, ಒಂದರಿಂದ ಇನ್ನೊಂದನ್ನು ತೂಗಬೇಡ.

ಹೆಸರುಗಳ ಬಗ್ಗೆ ಒಂದು ಮಾತು. ‘ಹೈದರಾಬಾದ್ ಕರ್ನಾಟಕ’ 2019ರಲ್ಲಿ ‘ಕಲ್ಯಾಣ ಕರ್ನಾಟಕ’ವಾಯಿತು. ಈ ಭಾಗಕ್ಕೆ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ 371(ಜೆ) ವಿಧಿಯ ಪಟ್ಟಿಯಲ್ಲಿ ಬಳ್ಳಾರಿಯೂ ಇದೆ, 1948ರಲ್ಲಿ ಅದು ನಿಜಾಮರ ಕೈಕೆಳಗೆ ಇರದಿದ್ದರೂ. ಕೊಪ್ಪಳ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ. 1930ರ ಘಟನೆಗೆ ‘ಕೊಪ್ಪಳ ಜಿಲ್ಲೆಯಲ್ಲಿ’ ಎಂದು ಬರೆದ ಹನ್ನೊಂದು ಕಡೆ ಗುರುತು ಹಾಕಿದ್ದೇನೆ. ತಿದ್ದು.

ಹೈದರಾಬಾದಿನ ತಾರ್ನಾಕಾದಲ್ಲಿರುವ ಪತ್ರಾಗಾರ, ಚೆನ್ನೈನ ಎಗ್ಮೋರಿನ ಪತ್ರಾಗಾರ ಎಲ್ಲಿಗೂ ಹೋಗುವುದಿಲ್ಲ, ಅವನ್ನು ಬೇಸಿಗೆ ಕಳೆದ ಮೇಲೆ ನೋಡು. 1948ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತರ ಹತ್ತಿರ. ಮೊದಲು ಅವರ ಹತ್ತಿರ ಹೋಗು. ‘ಕನ್ನಡಿಗರೆಂಬ ಹೆಮ್ಮೆ ಇತ್ತಾ’ ಎಂದು ಕೇಳಿದರೆ ‘ಇತ್ತು’ ಎಂದೇ ಹೇಳುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಹೊಳೆ ದಾಟಿ ಹೋಗುವಾಗ ‘ಎಲ್ಲಿಗೆ ಹೊಂಟೀರಿ’ ಅಂದರೆ ಏನು ಹೇಳುತ್ತಿದ್ದಿರಿ, ಶಾಲೆಯಲ್ಲಿ ಬೆಳಗ್ಗೆ ಏನು ಹಾಡಿಸುತ್ತಿದ್ದರು, ಸಂತೆಯಲ್ಲಿ ಯಾವ ರೊಕ್ಕ ನಡೆಯುತ್ತಿತ್ತು, ಹೆಣ್ಣನ್ನು ಯಾವ ಊರಿಗೆ ಕೊಡುತ್ತಿದ್ದರು ಎಂದು ಕೇಳು. ಒಂದು ಸಲಕ್ಕೆ ಒಂದು ತಾಸು ಸಾಕು, ಅವರಿಗೆ ದಣಿವಾಗುತ್ತದೆ. ವಾರ ಬಿಟ್ಟು ಮತ್ತೆ ಹೋಗಿ ಅದೇ ಪ್ರಶ್ನೆಗಳಲ್ಲಿ ಎರಡನ್ನು ಮತ್ತೆ ಕೇಳು. ಧ್ವನಿಮುದ್ರಣ ಶುರು ಮಾಡುವ ಮೊದಲು ಅವರ ಒಪ್ಪಿಗೆ, ದಿನಾಂಕ, ಊರಿನ ಹೆಸರನ್ನು ಅವರ ಬಾಯಿಂದಲೇ ಹೇಳಿಸು. ಅಂದೇ ರಾತ್ರಿ ಚೀಟಿಗಳಿಗೆ ಇಳಿಸು.

ನೂರು ಚೀಟಿ ತುಂಬಿದ ಮೇಲೆ ಎರಡನೇ ಅಧ್ಯಾಯ ಮತ್ತೆ ಬರೆದು ಕಳಿಸು. ಚೀಟಿಗಳನ್ನೂ ಜೊತೆಗಿಡು, ನಾನು ಮೊದಲು ಅವನ್ನೇ ಓದುತ್ತೇನೆ.

ಇಂತು ಪ್ರೀತಿಯಿಂದ,
ನಿನ್ನ ಅಣ್ಣ