ಶಿಬಿರದ ಬ್ಯಾನರ್ ಅಲ್ಲ, ಶೌಚಾಲಯ ನೋಡಿ

ಮಾನ್ಯರೇ,

ಏಪ್ರಿಲ್ ಬಂತೆಂದರೆ ಹಾಸನದ ಬೀದಿ ಬೀದಿಯಲ್ಲೂ ಬೇಸಿಗೆ ಶಿಬಿರದ ಬ್ಯಾನರ್. ಕಳೆದ ವರ್ಷ ಬರೀ ಬ್ಯಾನರ್ ನೋಡಿ 5 ವರ್ಷದ ಮಗಳನ್ನು ಒಂದು ಕಡೆ ಸೇರಿಸಿದ್ದೆ. ಅಬಾಕಸ್, ಕರಾಟೆ, ಯೋಗ ಎಲ್ಲಾ ಇತ್ತು. ಮೂರನೇ ದಿನ ಅರ್ಧ ಗಂಟೆ ಮೊದಲೇ ಕರೆತರಲು ಹೋದೆ. ತಗಡಿನ ಶೆಡ್ಡಿನಲ್ಲಿ ನಲವತ್ತು ಮಕ್ಕಳು, ನೋಡಿಕೊಳ್ಳಲು ಇಬ್ಬರು ಕಾಲೇಜು ಹುಡುಗಿಯರು. ಮಗಳ ನೀರಿನ ಬಾಟಲಿ ಬೆಳಿಗ್ಗೆ ತುಂಬಿಸಿದ ಹಾಗೇ ಇತ್ತು. ಯಾಕೆ ಅಂತ ಕೇಳಿದರೆ, 'ಕುಡಿದರೆ ಸುಸ್ಸು ಬರುತ್ತೆ, ಅಲ್ಲಿ ಬಾಗಿಲಿಗೆ ಚಿಲಕಾನೇ ಇಲ್ಲ' ಅಂದಳು.

ಈ ಸಲ ಶುಲ್ಕ ಕೇಳುವ ಮೊದಲು ಶೌಚಾಲಯ ನೋಡುತ್ತಿದ್ದೇನೆ. ಎಷ್ಟು ಮಕ್ಕಳಿಗೆ ಒಬ್ಬ ಟೀಚರ್, ಯಾರು ಬಂದರೆ ಮಗುವನ್ನು ಕಳಿಸುತ್ತೀರಿ, ಬಿದ್ದು ಗಾಯವಾದರೆ ಏನು ಮಾಡುತ್ತೀರಿ ಅಂತಲೂ ಕೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ. ಮಧ್ಯಾಹ್ನ 12ರಿಂದ 3ರವರೆಗೆ ಬಿಸಿಲಲ್ಲಿ ಆಡಿಸುವ ಕಡೆಯಂತೂ ಬೇಡವೇ ಬೇಡ. ಇಷ್ಟು ಚಿಕ್ಕವರಿಗೆ ಅಬಾಕಸ್ ಯಾಕೆ, ಅಲ್ವಾ? ಮಣ್ಣು, ನೀರು, ಕಥೆ ಸಾಕು.

ಮಹಾರಾಜ ಪಾರ್ಕಿನಲ್ಲಿ ಮರದ ನೆರಳಿಗೇನು ಕೊರತೆ? ಜಿಲ್ಲಾಡಳಿತ ಬೆಳಗಿನ ಹೊತ್ತು ಎರಡು ಗಂಟೆ ಕಾಲ ಅಲ್ಲೇ ಕಡಿಮೆ ಶುಲ್ಕದ ಶಿಬಿರ ನಡೆಸಬಾರದೇಕೆ? ಚಿಲಕ ಮಾತ್ರ ಮರೆಯದಿರಲಿ.

– ಒಬ್ಬ ತಾಯಿ, ಹಾಸನ